ತಕ್ಕಡಿಯಿಂದ ಹಿಡೀರಿ!

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಪ್ಪ ಟ್ರಂಕಿನಿಂದ ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಕಿರ್ದಿ ಪುಸ್ತಕ ತೆಗೆದು ನನ್ನ ಲ್ಯಾಪ್‌ಟಾಪ್ ಮೇಲೆಯೇ ಇಟ್ಟ.

“ಇದನ್ನ ನಿನ್ನ ಕಂಪ್ಯೂಟರಿನ್ಯಾಗ ಹಾಕಿ ಕೊಡವಾ. ನನಗ ಇನ್ನ ಕಾಣಂಗಿಲ್ಲ.”

ಅಪ್ಪನಿಗೆ ಗ್ಲಾಕೋಮಾ. ಕಣ್ಣಿನೊಳಗಿನ ಒತ್ತಡ ಏರಿ ನರ ಹಾಳಾಗುವ ಕಾಯಿಲೆ. ಪೊರೆ ಬಂದರೆ ಆಪರೇಷನ್ ಮಾಡಿಸಬಹುದು, ಇದರಲ್ಲಿ ಹೋದ ದೃಷ್ಟಿ ವಾಪಸ್ ಬರಲ್ಲ. ಉಳಿದಿರುವುದನ್ನು ಔಷಧಿ ಹಾಕಿ ಕಾಪಾಡಿಕೊಳ್ಳಬೇಕು ಅಷ್ಟೇ. ನಾವು ಎರಡು ವರ್ಷ ಅದನ್ನು ಪೊರೆ ಅಂದುಕೊಂಡೇ ಸುಮ್ಮನಿದ್ದೆವು. ಆ ತಪ್ಪು ನಮ್ಮದೇ.

ನಮ್ಮದು ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿ. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಅಂತಾರೆ, ಅದನ್ನು ನುಡಿಸಿ ನಾಟಕ ಕಲಿಸುವವರಿಗೆ ಪೇಟಿ ಮಾಸ್ತರ. ಅಪ್ಪ ಮೂವತ್ತೈದು ವರ್ಷದಿಂದ ಪೇಟಿ ಮಾಸ್ತರ. ಕೊಪ್ಪಳ, ಕುಷ್ಟಗಿ, ಗಂಗಾವತಿ, ಯಲಬುರ್ಗಾ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಜಾತ್ರೆ ಅಂದರೆ ತೇರು, ತೇರಿನ ಮರುದಿನ ರಾತ್ರಿ ನಾಟಕ. ಪಾತ್ರ ಮಾಡುವವರು ಊರ ಹುಡುಗರೇ. ಒಬ್ಬ ಟ್ರ್ಯಾಕ್ಟರ್ ಓಡಿಸುವವನು, ಒಬ್ಬ ಕಿರಾಣಿ ಅಂಗಡಿಯವನು, ಒಬ್ಬ ಪಂಚಾಯಿತಿಯ ನೀರು ಬಿಡುವವನು. ಎರಡು ತಿಂಗಳು ರಾತ್ರಿ ಊಟ ಆದಮೇಲೆ ಗುಡಿಯ ಪಕ್ಕದ ಸಮುದಾಯ ಭವನದಲ್ಲಿ ತಾಲೀಮು. ಸ್ತ್ರೀಪಾತ್ರಕ್ಕೆ ಮಾತ್ರ ಹೊರಗಿನಿಂದ ಕಲಾವಿದೆಯರು ಬರ್ತಾರೆ. ಅವರು ಹಿಂದಿನ ದಿನ ಬಸ್ಸಿಳಿದು, ಒಂದೇ ತಾಲೀಮು ನೋಡಿ, ಮರುದಿನ ರಾತ್ರಿಯಿಡೀ ಬೆಳಗಿನವರೆಗೆ ಹಾಡಬೇಕು.

ಊರ ಹೆಣ್ಣುಮಕ್ಕಳು ತಾಲೀಮಿಗೆ ಹೋಗುವಂತಿರಲಿಲ್ಲ. ಹಾಗಾಗಿ ಅಪ್ಪನ ಅಷ್ಟೂ ಹಾಡು ನನಗೆ ಗೊತ್ತಿದ್ದದ್ದು ನಮ್ಮ ಮಾಳಿಗೆಯ ಮೇಲೆ ಮಲಗಿ, ದೂರದಿಂದ ಕೇಳಿಯೇ. ಮೊದಲ ಎರಡು ಸಾಲು ಕೇಳಿಸುವಷ್ಟರಲ್ಲಿ ನಿದ್ದೆ. ಆ ಕಿರ್ದಿ ಪುಸ್ತಕವನ್ನು ಮುಟ್ಟಿ ನೋಡಿದ್ದು ಮೂವತ್ತರ ಹತ್ತಿರ ಬಂದಾಗ, ಅದೂ ಅಪ್ಪನೇ ಕೊಟ್ಟಾಗ.

ಅಪ್ಪನ ಗುರುಗಳು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು, ಅಂಧರು. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಟ್ಟಿ ಬೆಳೆಸಿದ ಆ ಆಶ್ರಮದಿಂದ ಸಂಗೀತ ಕಲಿತು ಬಂದವರು ನಮ್ಮ ಸೀಮೆಯ ಊರೂರಲ್ಲಿ ಇದ್ದಾರೆ. ಗುರುಗಳು ಕಿವಿಯಿಂದ ಕಿವಿಗೆ ಹೇಳಿಕೊಟ್ಟರು. ಅಪ್ಪ ಮರೆವಿನ ಮನುಷ್ಯ, ಅದಕ್ಕೇ ಬರೆದಿಟ್ಟುಕೊಂಡ.

ಬರೆದದ್ದು ಭಾತಖಂಡೆ ಪದ್ಧತಿಯಲ್ಲಿ. ವಿಷ್ಣು ನಾರಾಯಣ ಭಾತಖಂಡೆ (1860–1936) ಊರೂರು ತಿರುಗಿ, ಉಸ್ತಾದರ ಬಾಯಲ್ಲಿದ್ದ ಬಂದಿಶ್‌ಗಳನ್ನು ಕೇಳಿ ಬರೆದು ಪುಸ್ತಕ ಮಾಡಿದವರು. ಅದಕ್ಕಾಗಿ ಅವರು ಬಳಸಿದ ಗುರುತುಗಳು ಬಹಳ ಸರಳ. ಕೋಮಲ ಸ್ವರಕ್ಕೆ ಕೆಳಗೊಂದು ಅಡ್ಡಗೆರೆ. ತೀವ್ರ ಮಧ್ಯಮಕ್ಕೆ ಮೇಲೊಂದು ನಿಂತ ಗೆರೆ. ಮಂದ್ರಕ್ಕೆ ಕೆಳಗೆ ಚುಕ್ಕಿ, ತಾರಕ್ಕೆ ಮೇಲೆ ಚುಕ್ಕಿ. ತಾಳದ ಸಮ್‌ಗೆ ಗುಣಾಕಾರ ಚಿಹ್ನೆ, ಖಾಲಿಗೆ ಸೊನ್ನೆ. ಒಂದು ಪೆನ್ಸಿಲ್ ಇದ್ದರೆ ಸಾಕು. ದಕ್ಷಿಣದಲ್ಲಿ ಸುಬ್ಬರಾಮ ದೀಕ್ಷಿತರು 1904ರಲ್ಲಿ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ ಅಚ್ಚು ಹಾಕಿಸುವಾಗ ಒಂದೊಂದು ಗಮಕಕ್ಕೂ ಬೇರೆ ಬೇರೆ ಚಿಹ್ನೆ ಕೊಟ್ಟರು. ಅಂದರೆ ಹಾಡನ್ನು ಕಾಗದಕ್ಕಿಳಿಸುವ ತಲೆನೋವು ನನ್ನೊಬ್ಬಳದ್ದಲ್ಲ, ನೂರು ವರ್ಷಕ್ಕಿಂತ ಹಳೆಯದು.

ನಾನು ಆರಿಸಿಕೊಂಡದ್ದು ಮ್ಯೂಸ್‌ಸ್ಕೋರ್. ಉಚಿತ, ಓಪನ್ ಸೋರ್ಸ್. ಈ ಸಲ ಪೇಟಿಯ ಜಾಗದಲ್ಲಿ ಕೂರುವವನು ಕುಷ್ಟಗಿ ಕಡೆಯ ಕೀಬೋರ್ಡ್ ಹುಡುಗ. ಮದುವೆ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಾನೆ. ಅವನಿಗೆ ಸಿ, ಡಿ, ಇ ಗೊತ್ತು, ಸರಿಗಮ ಅಷ್ಟಕ್ಕಷ್ಟೇ. ಅಪ್ಪ ಪಕ್ಕದಲ್ಲಿ ಕೂತು ಹೇಳಿಕೊಡಬೇಕು. ಹಾಗಾಗಿ ಮೇಲೆ ಪಾಶ್ಚಾತ್ಯ ಐದು ಗೆರೆಯ ಸ್ವರಲಿಪಿ, ಅದರ ಕೆಳಗೆ ಸರಿಗಮ, ಅದರ ಕೆಳಗೆ ಸಾಹಿತ್ಯ. ಮ್ಯೂಸ್‌ಸ್ಕೋರ್‌ನಲ್ಲಿ ಸಾಹಿತ್ಯಕ್ಕೆ ಒಂದಕ್ಕಿಂತ ಹೆಚ್ಚು ಸಾಲು ಕೊಡಬಹುದು. ಮೊದಲ ಸಾಲಿನಲ್ಲಿ ಸ್ವರ, ಎರಡನೇ ಸಾಲಿನಲ್ಲಿ ಪದ ಹಾಕಿದೆ.

ಎರಡು ವೀಕೆಂಡಿನ ಕೆಲಸ ಅಂದುಕೊಂಡಿದ್ದೆ. ನಗಬೇಡಿ.

ಮೊದಲ ಪೆಟ್ಟು ಕೊಟ್ಟದ್ದು ಚುಕ್ಕಿ. ಯೂನಿಕೋಡ್‌ನಲ್ಲಿ ಅಕ್ಷರದ ಮೇಲೆ, ಕೆಳಗೆ ಕೂರುವ ಚುಕ್ಕಿಗಳಿವೆ. ಇಂಗ್ಲಿಷಿನ ಎಸ್ ಮೇಲೆ ಅಂದವಾಗಿ ಕೂರುತ್ತವೆ. ಕನ್ನಡದ ‘ನಿ’ ಮೇಲೆ ಹಾಕಿದರೆ ಗುಡಿಸಿಗೆ ಡಿಕ್ಕಿ ಹೊಡೆದು ಪಕ್ಕಕ್ಕೆ ಜಾರುತ್ತದೆ. ಕೆಲವು ಫಾಂಟ್‌ಗಳಲ್ಲಿ ಚುಕ್ಕಿಚುಕ್ಕಿಯ ಒಂದು ಖಾಲಿ ವೃತ್ತ ಎದ್ದು, ಅದರ ಮೇಲೆ ನನ್ನ ಚುಕ್ಕಿ ಕೂರುತ್ತದೆ. ‘ಇದು ಯಾರ ಮಗು’ ಅಂತ ಫಾಂಟ್ ಕೇಳಿದ ಹಾಗೆ. ಕೋಮಲಕ್ಕೆ ಅಕ್ಷರ ಆರಿಸಿ ಅಂಡರ್‌ಲೈನ್ ಮಾಡಿದೆ, ಅದು ಸುಲಭ. ಚುಕ್ಕಿಗಳನ್ನು ಕೊನೆಗೆ ಬಿಟ್ಟೇಬಿಟ್ಟೆ. ತಾರಕ್ಕೆ ಅಕ್ಷರದ ಮುಂದೆ ಮೇಲ್ಮುಖ ಬಾಣ, ಮಂದ್ರಕ್ಕೆ ಕೆಳಮುಖ ಬಾಣ. ಅಪ್ಪನಿಗೆ ಫೋನಿನಲ್ಲಿ ಹೇಳಿದೆ. “ಬಾಣ ಆದ್ರೇನು, ಚುಕ್ಕಿ ಆದ್ರೇನು? ಮ್ಯಾಲ ಕೆಳಗ ತಿಳದ್ರ ಸಾಕು” ಅಂದ.

ಎರಡನೆಯದು ಶ್ರುತಿ. ಅಪ್ಪನ ಪುಸ್ತಕದಲ್ಲಿ ‘ಸ’ ಅಂದರೆ ‘ಸ’. ಹುಡುಗರು ಹಾಡಿದರೆ ಅದು ಕರಿ ಒಂದು, ಕಲಾವಿದೆ ಹಾಡಿದರೆ ಕರಿ ನಾಲ್ಕು. ಬರಹ ಬದಲಾಗಲ್ಲ, ಪೇಟಿಯ ಮೇಲೆ ಕೈ ಮಾತ್ರ ಸರಿಯುತ್ತದೆ. ಐದು ಗೆರೆಯ ಲಿಪಿ ಹಾಗಲ್ಲ. ಕರಿ ಒಂದು ಅಂದರೆ ಸಿ ಶಾರ್ಪ್, ಕರಿ ನಾಲ್ಕು ಅಂದರೆ ಜಿ ಶಾರ್ಪ್. ಒಂದೇ ಹಾಡಿಗೆ ಎರಡು ಬೇರೆ ಪ್ರತಿ. ಸಾಫ್ಟ್‌ವೇರ್ ಒಂದು ಕ್ಲಿಕ್ಕಿನಲ್ಲಿ ಸ್ವರಗಳನ್ನು ಸರಿಸಿಕೊಡುತ್ತೆ, ಅದರ ಉಪಕಾರ ಮರೆಯಲ್ಲ. ಆದರೆ ಮೇಲಿನ ಗೆರೆಗಳು ಪ್ರತಿ ಸಲ ಜಾಗ ಬದಲಿಸುವಾಗ ಕೆಳಗಿನ ಸರಿಗಮ ಮಾತ್ರ ಅಲುಗಾಡದೆ ಕೂತಿತ್ತು. ಅದನ್ನು ನೋಡಿದಾಗ ಮೊದಲ ಸಲ ಅಪ್ಪನ ಪುಸ್ತಕದ ಬಗ್ಗೆ ಸ್ವಲ್ಪ ಗೌರವ ಬಂತು ಅಂತ ಒಪ್ಪಿಕೊಳ್ಳಬೇಕು.

ಮೂರನೆಯದೇ ನಿಜವಾದ ಕಥೆ.

ಪುಸ್ತಕದ ತುಂಬ ಕೆಂಪು ಪೆನ್ಸಿಲ್‌ನ ಚಿತ್ರಗಳು. ಒಂದು ತಕ್ಕಡಿ. ಒಂದು ಏಣಿ. ಛತ್ರಿ, ಲಾಂದ್ರ, ಕೊಡ, ಸೈಕಲ್ಲು. ಒಂದೊಂದು ಹಾಡಿಗೆ ನಾಲ್ಕೈದು. ಅಪ್ಪನಿಗೆ ಚಿತ್ರ ಬಿಡಿಸುವ ಹುಚ್ಚು ಅಂದುಕೊಂಡೆ. ಆ ಜಾಗಗಳನ್ನು ಗಮನಿಸಿದಾಗ ಗೊತ್ತಾಯಿತು, ಪಲ್ಲವಿ ಮುಗಿದು ಚರಣ ಶುರುವಾಗುವಲ್ಲಿ, ಮಾತಿನ ನಂತರ ಹಾಡು ಮತ್ತೆ ಎತ್ತಿಕೊಳ್ಳುವಲ್ಲಿ ಇವು ಇವೆ. ಓಹೋ, ಇವು ತಾಲೀಮಿನ ಗುರುತುಗಳು! ಮ್ಯೂಸ್‌ಸ್ಕೋರ್‌ನಲ್ಲಿ ಇದಕ್ಕೆ ‘ರಿಹರ್ಸಲ್ ಮಾರ್ಕ್’ ಅಂತಲೇ ಹೆಸರು. ಒಂದು ಸ್ವರ ಆರಿಸಿ ಕಂಟ್ರೋಲ್ ಮತ್ತು ಎಂ ಒತ್ತಿದರೆ ಅದರ ತಲೆಯ ಮೇಲೆ ಪುಟ್ಟ ಡಬ್ಬಿ ಬರುತ್ತೆ. ಅದರೊಳಗೆ ಎ, ಬಿ, ಸಿ ಬರೆದುಕೊಳ್ಳಬಹುದು. ಜಗತ್ತಿನ ಎಲ್ಲ ಆರ್ಕೆಸ್ಟ್ರಾಗಳೂ ಹೀಗೇ ಮಾಡ್ತವೆ. ‘ಸಿ ಇಂದ ಶುರು ಮಾಡಿ’ ಅಂದರೆ ಅರವತ್ತು ಜನ ಒಟ್ಟಿಗೇ ಅಲ್ಲಿಗೆ ಬರ್ತಾರೆ.

ನಾನೂ ಹಾಗೇ ಮಾಡಿದೆ. ತಕ್ಕಡಿ ತೆಗೆದು ಎ. ಏಣಿ ತೆಗೆದು ಬಿ. ಹನ್ನೊಂದು ಹಾಡು, ಅಚ್ಚುಕಟ್ಟಾದ ಪಿಡಿಎಫ್. ಸಂಕ್ರಾಂತಿಗೆ ಊರಿಗೆ ಹೋಗಿ ಆರು ಜನರಿಗೆ ಪ್ರಿಂಟ್ ಕೊಟ್ಟೆ. ಕಲಾವಿದೆಗೆ ವಾಟ್ಸಾಪ್ ಮಾಡಿದೆ. ಬೆಂಗಳೂರಿಗೆ ವಾಪಸ್ ಬರುವಾಗ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಮೇಲಿನ ಬರ್ತ್ ಮೇಲೆ ಮಲಗಿ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ವಾರದೊಳಗೆ ದೂರು ಶುರು.

ಮೊದಲ ದೂರು ಕೀಬೋರ್ಡ್ ಹುಡುಗನದು. ತಾಲೀಮಿನಲ್ಲಿ ಯಾರೋ “ಬಿ ಇಂದ ಹಿಡೀರಿ” ಅಂದಿದ್ದಾರೆ. ಇವನು ‘ಬಿ’ ಸ್ವರ ಒತ್ತಿದ್ದಾನೆ. ಹಾಡುವವನು ಅದನ್ನೇ ಶ್ರುತಿ ಅಂದುಕೊಂಡು ಎತ್ತಿದ್ದಾನೆ. ಮುಂದೆ ಆದದ್ದನ್ನು ನೀವೇ ಊಹಿಸಿ. ಜೊತೆಗೆ ಬಿ, ಸಿ, ಡಿ, ಇ, ಜಿ ಎಲ್ಲಾ ತಬಲಾದ ಸದ್ದಿನಲ್ಲಿ ಒಂದೇ ಥರ ಕೇಳಿಸ್ತವೆ.

ಎರಡನೇ ದೂರು ನನ್ನ ವೃತ್ತಿಗೇ ಅವಮಾನ. ನಾಲ್ಕನೇ ಹಾಡಿನಲ್ಲಿ ಒಂದು ಗುರುತು ಬಿಟ್ಟುಹೋಗಿತ್ತು. ನಡುವೆ ಸೇರಿಸಿ, ಮೆನುವಿನಲ್ಲಿ ಗುರುತುಗಳನ್ನು ಮತ್ತೆ ಕ್ರಮವಾಗಿ ಜೋಡಿಸುವ ಆಯ್ಕೆ ಇದೆಯಲ್ಲ, ಅದನ್ನು ಒತ್ತಿದೆ. ಸಿ ಇದ್ದದ್ದು ಡಿ ಆಯಿತು, ಡಿ ಇದ್ದದ್ದು ಇ ಆಯಿತು. ಹೊಸ ಪಿಡಿಎಫ್ ಗ್ರೂಪಿಗೆ ಹಾಕಿದೆ. ಮೂವರು ಹೊಸದನ್ನು ಪ್ರಿಂಟ್ ತೆಗೆಸಿದರು, ಮೂವರು ಹಳೆಯದನ್ನೇ ಹಿಡಿದು ಬಂದರು. ‘ಡಿ ಇಂದ’ ಅಂದಾಗ ಅರ್ಧ ಮಂದಿ ಒಂದು ಕಡೆ, ಅರ್ಧ ಮಂದಿ ಇನ್ನೊಂದು ಕಡೆ.

ಆಫೀಸಿನಲ್ಲಿ ಹೊಸ ಹುಡುಗರಿಗೆ ನಾನೇ ಪಾಠ ಹೇಳ್ತೀನಿ. ಸಾಲಿನ ಕ್ರಮಸಂಖ್ಯೆಯನ್ನು ಗುರುತಿನ ಸಂಖ್ಯೆಯಾಗಿ ಬಳಸಬೇಡಿ, ನಡುವೆ ಒಂದು ಸಾಲು ಸೇರಿದರೆ ಎಲ್ಲ ಕೆಡುತ್ತೆ ಅಂತ. ಮನೆಯ ಕೆಲಸದಲ್ಲಿ ಅದನ್ನೇ ಮರೆತಿದ್ದೆ. ಅಪ್ಪನ ತಕ್ಕಡಿಗೂ ಏಣಿಗೂ ಹಿಂದುಮುಂದು ಇಲ್ಲ. ನಡುವೆ ಒಂದು ಕೊಡ ಸೇರಿಸಿದರೆ ತಕ್ಕಡಿ ತಕ್ಕಡಿಯಾಗೇ ಉಳಿಯುತ್ತೆ.

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. “ಯಪ್ಪಾ, ಈ ತಕ್ಕಡಿ ಏಣಿ ಎಲ್ಲಿಂದ ತಂದಿ ನೀ?”

ಅಪ್ಪ ನಕ್ಕ. “ಓಟಿನ ಚೀಟಿ ನೋಡಿಲ್ಲೇನ? ನಾ ಮೊದಲ ನಾಟಕಾ ಕಲಸಿದಾಗ ಹತ್ತು ಮಂದ್ಯಾಗ ಐದು ಮಂದಿಗೆ ಓದಾಕ ಬರ್ತಿದ್ದಿಲ್ಲ. ಪ್ರಾಂಪ್ಟರ್ ಓದಿ ಹೇಳ್ತಿದ್ದ, ಅವರು ಕೇಳಿ ಬಾಯಿಪಾಠ ಮಾಡ್ತಿದ್ರು. ಅಕ್ಷರ ಗೊತ್ತಿಲ್ದವಗ ತಕ್ಕಡಿ ಗೊತ್ತು. ಗೋಡೆ ಮ್ಯಾಲ ಮಸಿಲೆ ಬರದು ತೋರಸ್ತಿದ್ದೆ.”

ಆಗ ನಮ್ಮದು ರಾಯಚೂರು ಜಿಲ್ಲೆ. ಕೊಪ್ಪಳ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. 1951–52ರ ಮೊದಲ ಮಹಾಚುನಾವಣೆಯಲ್ಲಿ ಓದು ಬರದ ಕೋಟ್ಯಂತರ ಮತದಾರರಿಗಾಗಿ ಮತಪೆಟ್ಟಿಗೆಗಳ ಮೇಲೆ ಚಿಹ್ನೆ ಅಂಟಿಸಿದ್ದರು ಅಂತ ನಾವೆಲ್ಲ ಓದಿದ್ದೇವೆ. ಅದೇ ಉಪಾಯವನ್ನು ಒಬ್ಬ ಪೇಟಿ ಮಾಸ್ತರ ತನ್ನ ತಾಲೀಮಿಗೆ ಎತ್ತಿಕೊಂಡು ಬಂದಿದ್ದ. ಯಾವ ಪಕ್ಷದವರೂ ಜಗಳಕ್ಕೆ ಬರಬಾರದು ಅಂತ ಪಕ್ಷೇತರರ ಚಿಹ್ನೆಗಳನ್ನೇ ಆರಿಸಿಕೊಂಡಿದ್ದನಂತೆ!

ಈಗ ಎಲ್ಲರಿಗೂ ಓದಲು ಬರುತ್ತೆ. ಆದರೂ ಊರಲ್ಲಿ ಹಾಡುಗಳು ನೆನಪಿರುವುದೇ ಹಾಗೆ. “ಛತ್ರಿ ಮಟ ಬರತೈತಿ, ಮುಂದಿಂದು ಮರತೀನಿ” ಅಂತಾರೆ. ನಾನು ಅಳಿಸಿದ್ದು ಆ ನೆನಪನ್ನೇ.

ಎಲ್ಲ ಫೈಲ್‌ಗಳನ್ನು ಮತ್ತೆ ತೆರೆದೆ. ಚಿತ್ರಗಳನ್ನೇ ಹಾಕೋಣ ಅಂತ ಇಮೋಜಿ ಪ್ರಯತ್ನಿಸಿದೆ. ನನ್ನ ಸ್ಕ್ರೀನಿನಲ್ಲಿ ಚಂದ ಕಂಡದ್ದು ಊರಿನ ಝೆರಾಕ್ಸ್ ಅಂಗಡಿಯ ಪ್ರಿಂಟಿನಲ್ಲಿ ಖಾಲಿ ಚೌಕ ಆಗಿತ್ತು. ಕೊನೆಗೆ ರಿಹರ್ಸಲ್ ಮಾರ್ಕಿನ ಡಬ್ಬಿಯೊಳಗೆ ಕನ್ನಡದಲ್ಲೇ ಬರೆದೆ: ತಕ್ಕಡಿ, ಏಣಿ, ಛತ್ರಿ. ಡಬ್ಬಿಯೊಳಗೆ ಇಂಗ್ಲಿಷ್ ಅಕ್ಷರವೇ ಇರಬೇಕು ಅಂತ ಸಾಫ್ಟ್‌ವೇರ್ ಎಲ್ಲೂ ಹೇಳಿಲ್ಲ. ಆ ನಿಯಮ ನನ್ನ ತಲೆಯಲ್ಲಿತ್ತು.

ಇನ್ನೊಂದು ಸಣ್ಣ ತಿದ್ದುಪಡಿ. ಡಬ್ಬಿಯನ್ನು ಸಾಮಾನ್ಯವಾಗಿ ತಾಳದ ಆವರ್ತದ ಮೊದಲಿಗೆ ಇಡುವುದು ವಾಡಿಕೆ. ನಮ್ಮ ಹಾಡುಗಳು ಅಲ್ಲಿ ಶುರುವಾಗಲ್ಲ. ಕೆಹರವಾದ ಎಂಟು ಮಾತ್ರೆಯಲ್ಲಿ ಏಳನೇ ಮಾತ್ರೆಗೇ ಪದ ಎತ್ತಿ, ಸಮ್‌ಗೆ ಬಂದು ಬೀಳುತ್ತೆ. ಡಬ್ಬಿಯನ್ನು ಸಮ್ ಮೇಲೆ ಇಟ್ಟರೆ ಹಾಡುವವನು ತಬಲಾಕ್ಕಿಂತ ಎರಡು ಮಾತ್ರೆ ಹಿಂದೆ. ಅಪ್ಪನ ಪುಸ್ತಕ ನೋಡಿದರೆ ತಕ್ಕಡಿ ಎಳೆದದ್ದು ಸರಿಯಾಗಿ ಆ ಏಳನೇ ಮಾತ್ರೆಯ ಮೇಲೆ. ನಾನೇ ಅಚ್ಚುಕಟ್ಟು ಮಾಡಲು ಹೋಗಿ ಸರಿಸಿದ್ದೆ.

ಫೆಬ್ರವರಿಯಲ್ಲಿ ಒಂದು ವಾರ ವರ್ಕ್ ಫ್ರಮ್ ಹೋಮ್ ಕೇಳಿ ಊರಿಗೆ ಹೋದೆ. ಅಪ್ಪನಿಗೆ ಪುಟ ತಿರುವಲು, ಎಲ್ಲಿದ್ದೇವೆ ಅಂತ ಹೇಳಲು ಯಾರಾದರೂ ಬೇಕಿತ್ತು. “ನೀನ ಬಾ” ಅಂದ. ಹಿರಿಯರೊಬ್ಬರು ಮುಖ ಗಂಟಿಕ್ಕಿದರು. ಅಪ್ಪ ಕೇಳಿಸದವನಂತೆ ಚಾಪೆ ಹಾಸಿ ಕೂತ. ಮಾಳಿಗೆಯಿಂದ ಕೇಳಿದ ಹಾಡುಗಳನ್ನು ಮೊದಲ ಸಲ ಪೂರ್ತಿ ಕೇಳಿದೆ.

ಅಲ್ಲೂ ಪಾಠ ಕಾದಿತ್ತು. ಒಂದು ದೃಶ್ಯದಲ್ಲಿ ಹಾಡಿನ ನಡುವೆ ತಂದೆ ಪಾತ್ರದವನ ಮಾತಿದೆ. ಅಷ್ಟು ಹೊತ್ತು ಪೇಟಿ ಒಂದೇ ತುಣುಕನ್ನು ಸುತ್ತುತ್ತಿರಬೇಕು. ಅದಕ್ಕೆ ಪುನರಾವರ್ತನೆಯ ಗುರುತು ಹಾಕಿದ್ದೆ. ಸಾಫ್ಟ್‌ವೇರ್ ಎಷ್ಟು ಸಲ ಅಂತ ಅಂಕಿ ಕೇಳುತ್ತೆ. ನಾಲ್ಕು ಅಂತ ಕೊಟ್ಟಿದ್ದೆ. ಹುಡುಗ ಆ ಆಡಿಯೋ ಕೇಳಿ ಅಭ್ಯಾಸ ಮಾಡಿದ್ದ. ನಾಲ್ಕು ಸಲ ಆಯಿತು, ಚರಣಕ್ಕೆ ಹಾರಿದ. ತಂದೆ ಪಾತ್ರದವನು ಇನ್ನೂ ಮಗನ ಕೈ ಹಿಡಿದು ಅಳುತ್ತಾ ನಿಂತಿದ್ದ.

“ಎಷ್ಟು ಸಲ ಬಾರಸ್ಲಿ ಮಾಸ್ತರ್ರ?” ಹುಡುಗ ಕೇಳಿದ.

“ಅಂವಾ ಮಾತ ಮುಗಸೂ ಮಟ.”

ಆ ಅಂಕಿಗೆ ಸಾಫ್ಟ್‌ವೇರ್‌ನಲ್ಲಿ ಜಾಗ ಇಲ್ಲ. ಮೇಲೆ ‘ಮಾತ ಮುಗಸೂ ಮಟ’ ಅಂತ ಬರೆದು, ಆಡಿಯೋವನ್ನು ಅಲ್ಲಿಗೇ ಎರಡು ತುಂಡು ಮಾಡಿ ಕಳಿಸಿದೆ.

ಕೊನೆಯ ತಪ್ಪು ಇನ್ನೂ ನನ್ನ ಮನಸ್ಸಿನಲ್ಲಿದೆ. ಒಂಬತ್ತನೇ ಹಾಡಿನ ಎರಡನೇ ಚರಣದ ನಡುವೆ, ಪದವೊಂದರ ಹೊಟ್ಟೆಯಲ್ಲೇ, ಅಪ್ಪ ಎರಡು ಓರೆ ಗೆರೆ ಎಳೆದಿದ್ದ. ಅಲ್ಲಿ ನಿಲ್ಲಲು ಅರ್ಥದಲ್ಲೂ ಕಾರಣ ಇಲ್ಲ, ತಾಳದಲ್ಲೂ ಇಲ್ಲ. ಪೆನ್ಸಿಲ್ ಜಾರಿರಬೇಕು ಅಂತ ಬಿಟ್ಟುಬಿಟ್ಟಿದ್ದೆ. ತಾಲೀಮಿನಲ್ಲಿ ಆ ಜಾಗಕ್ಕೆ ಬಂದಾಗ ಕೀಬೋರ್ಡ್ ಮುಂದೆ ಹೋಯಿತು, ಹಾಡುವವರೆಲ್ಲ ನಿಂತರು. ಮತ್ತೆ ಮಾಡಿದರು. ಮತ್ತೆ ಹಾಗೇ.

“ಅಲ್ಲಿ ಎರಡು ಗೆರಿ ಇರಬೇಕಲ್ಲವಾ?” ಅಪ್ಪ ಕೇಳಿದ.

“ತಗದೀನಿ ಯಪ್ಪಾ. ಯಾಕ ಅದಾವ ಅಂತ ತಿಳೀಲಿಲ್ಲ.”

ಮೊದಲು ಆ ಹಾಡನ್ನು ಹಾಡುತ್ತಿದ್ದವರು ಅಪ್ಪನ ಗೆಳೆಯ. ಅವರಿಗೆ ಉಬ್ಬಸ. ಆ ಸಾಲನ್ನು ಒಂದೇ ಉಸಿರಿಗೆ ಮುಗಿಸಲು ಆಗುತ್ತಿರಲಿಲ್ಲ. ಅವರು ಉಸಿರು ಎಳೆದುಕೊಳ್ಳಲಿ ಅಂತ ಅಪ್ಪ ಅಲ್ಲಿ ಪೇಟಿ ತಡೆಯುತ್ತಿದ್ದ. ಅವರು ತೀರಿಕೊಂಡು ಹನ್ನೆರಡು ವರ್ಷ ಆಯಿತು. ಊರು ಮಾತ್ರ ಇವತ್ತಿಗೂ ಆ ಜಾಗದಲ್ಲಿ ನಿಂತೇ ಹಾಡುತ್ತೆ. ಯಾರಿಗಾಗಿ ನಿಲ್ಲುತ್ತಿದ್ದೇವೆ ಅಂತ ಈಗಿನ ಹುಡುಗರಿಗೆ ಗೊತ್ತಿಲ್ಲ.

ಹಳೆಯ ಕೋಡ್‌ನಲ್ಲಿ ಅರ್ಥವಾಗದ ಸಾಲು ಕಂಡರೆ, ಯಾಕಿದೆ ಅಂತ ಕೇಳುವವರೆಗೆ ಅಳಿಸಬಾರದು ಅಂತಾರೆ. ಕೇಳಲು ಅಪ್ಪ ಪಕ್ಕದಲ್ಲೇ ಇದ್ದ. ನಾನು ಕೇಳಿರಲಿಲ್ಲ.

ಅವತ್ತೇ ರಾತ್ರಿ ಲ್ಯಾಪ್‌ಟಾಪ್ ತೆರೆದೆ. ಉಸಿರು ಮತ್ತು ವಿರಾಮದ ಚಿಹ್ನೆಗಳ ಪಟ್ಟಿಯಲ್ಲಿ ಅದೇ ಎರಡು ಓರೆ ಗೆರೆ ಇದ್ದವು. ಪಾಶ್ಚಾತ್ಯ ಸಂಗೀತದಲ್ಲೂ ಅದಕ್ಕೆ ಅದೇ ಅರ್ಥ, ಇಲ್ಲಿ ತಡಿ ಅಂತ. ಅಪ್ಪನಿಗೆ ಅದು ಗೊತ್ತಿರಲು ಸಾಧ್ಯವೇ ಇಲ್ಲ. ಎಳೆದು ತಂದು ಆ ಪದದ ನಡುವೆ ಇಟ್ಟೆ. ಕೆಳಗೆ ಸಣ್ಣ ಅಕ್ಷರದಲ್ಲಿ ಅವರ ಹೆಸರು ಬರೆದೆ.

ಉಗಾದಿ ಆದಮೇಲೆ ಜಾತ್ರೆ ಆಯಿತು, ನಾಟಕವೂ ಆಯಿತು. ಎರಡನೇ ಅಂಕದಲ್ಲಿ ಕರೆಂಟ್ ಹೋಯಿತು, ಜನರೇಟರ್ ಶುರುವಾಗುವಷ್ಟರಲ್ಲಿ ಕೀಬೋರ್ಡ್ ಬಂದ್. ಅಪ್ಪ ಹಳೆಯ ಪೇಟಿ ಎಳೆದುಕೊಂಡು ಕತ್ತಲಲ್ಲೇ ಬಾರಿಸಿದ. ಅವನಿಗೆ ಬೆಳಕು ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಹಿಂದಿನಿಂದ ಯಾರೋ “ಲಾಂದ್ರದಿಂದ ಹಿಡೀರಿ” ಅಂದರು. ಎಲ್ಲರೂ ಅಲ್ಲಿಂದಲೇ ಹಿಡಿದರು, ಕಲಾವಿದೆ ಸಹ. ಅವರು ಬಸ್ಸಿನಲ್ಲಿ ಬರುವಾಗ ನನ್ನ ಪಿಡಿಎಫ್ ನೋಡಿಕೊಂಡೇ ಬಂದಿದ್ದರಂತೆ.

ನಿಮ್ಮ ಮನೆಯಲ್ಲೂ ಇಂಥದೊಂದು ಪುಸ್ತಕ ಇರಬಹುದು. ಭಜನೆಯದೋ, ಸೋಬಾನೆಯದೋ, ಅಡುಗೆಯದೋ. ಟೈಪ್ ಮಾಡುವ ಮೊದಲು ಪುಟಪುಟವನ್ನೂ ಫೋಟೋ ತೆಗೆದಿಡಿ. ಆಮೇಲೆ ಬರೆದವರ ಪಕ್ಕ ಕೂತು ಒಂದೊಂದು ಗುರುತಿನ ಮೇಲೂ ಬೆರಳಿಟ್ಟು ಇದು ಯಾಕೆ ಅಂತ ಕೇಳಿ. ಅವರ ಉತ್ತರವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಸಾಫ್ಟ್‌ವೇರ್ ಆಮೇಲೆ ಕಲಿತರೂ ನಡೆಯುತ್ತೆ.

ನನ್ನದು ಇನ್ನೂ ಮುಗಿದಿಲ್ಲ. ಕಿರ್ದಿ ಪುಸ್ತಕದಲ್ಲಿ ನಲವತ್ತಕ್ಕೂ ಹೆಚ್ಚು ಹಾಡು ಬಾಕಿ ಇವೆ. ಭಾನುವಾರ ರಾತ್ರಿ ವಿಡಿಯೋ ಕಾಲ್‌ನಲ್ಲಿ ನಾನು ಗುರುತು ಹೇಳ್ತೀನಿ, ಅಪ್ಪ ಕಣ್ಣು ಮುಚ್ಚಿ ಕಾರಣ ಹೇಳ್ತಾನೆ. ಹೋದ ವಾರ ಒಂದು ಪುಟದಲ್ಲಿ ಮೀನಿನ ಚಿತ್ರ ಸಿಕ್ಕಿತು. ಇದು ಯಾವ ಪಕ್ಷೇತರನದು ಅಂತ ಕೇಳಿದೆ.

“ಅದು ಗುರುತಲ್ಲವಾ,” ಅಂದ ಅಪ್ಪ. “ನೀ ಸಣ್ಣಾಕಿದ್ದಾಗ ಬರದದ್ದು. ಹಾಂಗ ಬಿಡು.”

ಅದನ್ನೂ ಫೈಲಿನಲ್ಲಿ ಹಾಗೇ ಬಿಟ್ಟಿದ್ದೀನಿ.